ತುಟಿಮಾತಿನ ಭಾನುವಾರ

ಹೆಟ್ಟಿ ಆರ್ಮರಾಡ್ ಟೀವಿಯನ್ನು ದನಿ ಅಡಗಿಸಿಯೇ ನೋಡುವವಳು. ಪೆಟ್ಟಿಗೆ ಕೆಟ್ಟಿತ್ತೆಂದಲ್ಲ, ಅವಳಿಗೆ ದನಿಯ ಗರಜಿರಲಿಲ್ಲ. ಬ್ರಿಗ್‌ಡೇಲಿನ ನಮ್ಮ ಬೀದಿಯಲ್ಲಿ ಇದನ್ನು ಯಾರೂ ವಿಚಿತ್ರವೆನ್ನುತ್ತಿರಲಿಲ್ಲ, ಏಕೆಂದರೆ ಅರ್ಧ ಬೀದಿಯ ಹೆಂಗಸರು ಹಾಗೇ ಇದ್ದರು.

ಹದಿನಾಲ್ಕು ತುಂಬಿದ ವಾರವೇ ಹೆಟ್ಟಿ ಅಮ್ಮನ ಹಿಂದೆ ನೇಯ್ಗೆ ಗಿರಣಿಗೆ ಹೋದವಳು. ನೂರಾರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಆ ದೊಡ್ಡ ಹಜಾರದಲ್ಲಿ ಪಕ್ಕದವಳು ಗಂಟಲು ಹರಿದುಕೊಂಡರೂ ಕೇಳುವುದು ಸುಳ್ಳು. ಅದಕ್ಕೇ ಇಂಗ್ಲೆಂಡಿನ ಲ್ಯಾಂಕಶೈರಿನ ನೇಕಾರ ಹೆಂಗಸರು ತಮ್ಮದೇ ಒಂದು ಮಾತು ಮಾಡಿಕೊಂಡಿದ್ದರು. ದನಿ ತೆಗೆಯುವುದಿಲ್ಲ. ಬಾಯನ್ನು ಅಗಲಿಸಿ, ತುಟಿಯನ್ನು ಚಾಚಿ, ಹುಬ್ಬನ್ನೂ ಗಲ್ಲವನ್ನೂ ಕೂಲಿಗೆ ಕರೆದುಕೊಂಡು, ಈ ಗೋಡೆಯಿಂದ ಆ ಗೋಡೆಗೆ ಹರಟುತ್ತಿದ್ದರು. ಯಾರ ಮಗಳಿಗೆ ಯಾರ ಮೇಲೆ ಕಣ್ಣು, ಯಾರ ಗಂಡ ಸಂಬಳದ ದಿನ ಎಲ್ಲಿ ಬಿದ್ದಿದ್ದ, ಎಲ್ಲ ತುಟಿಯಲ್ಲೇ. ಲಾಳಿಯ ಮೇಲೆ ಒಂದು ಕಣ್ಣು, ಗೆಳತಿಯ ಬಾಯಿಯ ಮೇಲೆ ಇನ್ನೊಂದು. ಹೀಗೆ ನಲವತ್ತು ವರ್ಷ ದುಡಿದ ಮೇಲೆ ಗಿರಣಿ ಬಾಗಿಲು ಹಾಕಿತು. ಹೆಟ್ಟಿಯ ಕಿವಿಯಲ್ಲಿ ಎತ್ತರದ ಸದ್ದುಗಳೆಲ್ಲ ಹೋಗಿ, ತಗ್ಗಿನವು ಮಾತ್ರ ಉಳಿದಿದ್ದವು. ಹಕ್ಕಿಯ ದನಿ ಇಲ್ಲ, ಲಾರಿಯ ದನಿ ಇದೆ. ಆದರೆ ತುಟಿ ಓದುವ ಕಣ್ಣು ಮಾತ್ರ ಮೊದಲಿಗಿಂತ ಚುರುಕಾಗಿತ್ತು.

ಅಂಥವಳ ಕೈಗೆ ಟೀವಿ ಸಿಕ್ಕರೆ ಕೇಳಬೇಕೆ. ಬೇರೆಯವರು ನೋಡುವ ಟೀವಿಯೇ ಬೇರೆ, ಹೆಟ್ಟಿ ನೋಡುವುದೇ ಬೇರೆ. ಶನಿವಾರ ಮಧ್ಯಾಹ್ನದ ಕುಸ್ತಿಯಲ್ಲಿ ಬೆಟ್ಟದಂಥ ಜಟ್ಟಿ ಎದುರಾಳಿಯ ಕತ್ತು ಅಮುಕಿದಾಗ ಜನ ಕೂಗಿಕೊಳ್ಳುತ್ತಿದ್ದರು. ಹೆಟ್ಟಿ ಮಾತ್ರ ನಗುತ್ತಿದ್ದಳು. "ಕೆಳಗಿರೋನು ಹೇಳ್ತಿದಾನೆ, 'ಮೆಲ್ಲಗೆ ಕಣೋ, ಬೆಳಿಗ್ಗೆಯಿಂದ ಸೊಂಟ ಹಿಡಕೊಂಡಿದೆ ನಂಗೆ.'" ಕಾಲ್ಚೆಂಡಿನವರು ರೆಫರಿಗೆ ಬೈಯುವ ಬೈಗುಳ ಅವಳಿಗೆ ಬಾಯಿಪಾಠವಾಗಿತ್ತು. ಕುದುರೆ ರೇಸಿನ ಮೈದಾನದಲ್ಲಿ ನಿಂತ ದೊಡ್ಡ ಮನುಷ್ಯರೊಬ್ಬರು ಹೆಂಡತಿಗೆ "ಈ ಬೂಟು ಕಚ್ತಾ ಇದೆ" ಎಂದದ್ದನ್ನು ಇಡೀ ದೇಶದಲ್ಲಿ ಕೇಳಿಸಿಕೊಂಡವರು ಬ್ರಿಗ್‌ಡೇಲಿನ ಮುದುಕಿಯರು ಮಾತ್ರ.

ಈಗ ಹೇಳುವುದು ಎಪ್ಪತ್ತೆರಡರ ಮಾರ್ಚಿನ ಒಂದು ಭಾನುವಾರದ ಮಾತು. ಊರಿಗೆ ಅದು ಹಬ್ಬದಂಥ ದಿನ. ಜನವರಿಯಲ್ಲಿ ಟೀವಿಯವರು ಲಾರಿಗಟ್ಟಲೆ ದೀಪ ಹೊತ್ತುಕೊಂಡು ಬಂದು, ನಮ್ಮ ಊರಿನ ಪುಟ್ಟ ಚರ್ಚಾದ ಚಾಪೆಲ್ಲಿನಲ್ಲಿ ಭಕ್ತಿಗೀತೆಗಳನ್ನು ಹಾಡಿಸಿ, ಚಿತ್ರ ತೆಗೆದುಕೊಂಡು ಹೋಗಿದ್ದರು. ಅದು ಈ ಸಂಜೆ ದೇಶಕ್ಕೆಲ್ಲ ಕಾಣುವುದಿತ್ತು. ಪಾದ್ರಿಗಳು ಸಂಜೆಯ ಆರಾಧನೆಯನ್ನೇ ಬಿಟ್ಟುಕೊಟ್ಟಿದ್ದರು. ಹೆಟ್ಟಿಯ ಮಗಳು ಜೀನ್ ಕ್ರಿಸ್‌ಮಸ್ಸಿಗೆ ಅಪ್ಪ ಅಮ್ಮನಿಗೆಂದು ಬಣ್ಣದ ಟೀವಿ ಬಾಡಿಗೆಗೆ ತರಿಸಿಕೊಟ್ಟಿದ್ದರಿಂದ, ಬೀದಿಯವರೆಲ್ಲ ಅವಳ ಮನೆಗೇ ಬರುವುದೆಂದು ಮೊದಲೇ ಮಾತಾಗಿತ್ತು.

ಬೆಳಿಗ್ಗೆ ಹೆಟ್ಟಿ ಮಾಂಸವನ್ನು ಒಲೆಯೊಳಗೆ ಇಟ್ಟು, ಆಲೂಗಡ್ಡೆಯ ಬೋಗುಣಿ ಮಡಿಲಲ್ಲಿಟ್ಟುಕೊಂಡು ಟೀವಿ ಹಾಕಿದಳು. ಬೆಟ್ಟದಾಚೆಯ ಯಾವುದೋ ಊರಿನ ಬೆಳಗಿನ ಆರಾಧನೆ ಬರುತ್ತಿತ್ತು. ಗಂಡ ವಿಲ್ಫ್ ಹಳೇ ಪತ್ರಿಕೆ ಹಾಸಿಕೊಂಡು ಬೂಟಿಗೆ ಪಾಲಿಶ್ ಹಾಕುತ್ತ ಕೂತಿದ್ದ. ಎಲ್ಲರೂ ಪ್ರಾರ್ಥನೆಗೆ ತಲೆ ಬಾಗಿಸಿದಾಗ ಹಸಿರು ಕೋಟಿನ ಹೆಂಗಸೊಬ್ಬಳು ಪಕ್ಕದವಳ ಕಡೆ ತಿರುಗಿ ತುಟಿ ಆಡಿಸಿದಳು.

ಹೆಟ್ಟಿ ಬೋಗುಣಿ ಅಲುಗುವಷ್ಟು ನಕ್ಕಳು. "ಅವಳೂ ನಮ್ಮೋಳೇ, ನೇಕಾರಳು. ಏನಂತಿದಾಳೆ ಗೊತ್ತಾ? 'ಮಾಂಸ ಒಲೇಲಿಟ್ಟು ಬಂದೆ ಕಣೇ, ಈ ಪುಣ್ಯಾತ್ಮ ನಿಲ್ಸೋ ಹಾಗೆ ಕಾಣಲ್ಲ, ಇವತ್ತು ಇದ್ದಿಲೇ ಊಟ' ಅಂತ. ದೇಶಾನೇ ನೋಡ್ತಿದೆ ಅನ್ನೋ ಖಬರಿಲ್ಲ ಅವಳಿಗೆ."

ವಿಲ್ಫ್ ತಲೆಯೆತ್ತಲಿಲ್ಲ, ಅವನ ತಗ್ಗಿನ ದನಿ ಹೆಟ್ಟಿಗೆ ಕೇಳಿಸುತ್ತಿತ್ತು. "ನಿಂಗೆ ಭಾರೀ ಖಬರಿತ್ತಲ್ಲ. ಅವತ್ತು ನಮ್ಮ ಚಾಪೆಲ್ಲಲ್ಲಿ ನೀನೂ ಫ್ಲೋರಿನೂ ಹಾಡಿದ್ದಕ್ಕಿಂತ ತುಟಿ ಆಡಿಸಿದ್ದೇ ಜಾಸ್ತಿ. ಕಂಬದ ಹಿಂದೆ ಕೂತಿದ್ದ ನಂಗೇ ಕಾಣ್ತಿತ್ತು."

ಹೆಟ್ಟಿಯ ನಗು ಅರ್ಧಕ್ಕೆ ನಿಂತಿತು. ಸುಲಿದ ಆಲೂಗಡ್ಡೆ ಕೈಯಿಂದ ಜಾರಿ ನೀರಿಗೆ ಬಿತ್ತು. ಅವತ್ತು ಮೇಳದಲ್ಲಿ ಪಕ್ಕಕ್ಕಿದ್ದ ಹಳೇ ಗಿರಣಿ ಗೆಳತಿ ಫ್ಲೋರಿಗೆ ಅಂದ ಒಂದು ಮಾತು ನೆನಪಿಗೆ ಬಂದಿತ್ತು.

ಆ ಮಾತು ಐವಿಯನ್ನು ಕುರಿತದ್ದು. ಐವಿ ಕ್ರಾಶಾ ಪಕ್ಕದ ಮನೆಯವಳು, ಗಿರಣಿಯಲ್ಲಿ ಪಕ್ಕದ ಮಗ್ಗದವಳು, ಚಾಪೆಲ್ಲಿನ ಮೇಳದಲ್ಲಿ ಪಕ್ಕದ ಕುರ್ಚಿಯವಳು. ಒಬ್ಬರ ಬಾಣಂತನದಲ್ಲಿ ಇನ್ನೊಬ್ಬರು ಗಂಜಿ ಕಾಯಿಸಿದವರು. ಹೋದ ಈಸ್ಟರಿನ ಹೊತ್ತಿಗೆ ಐವಿಯ ಗಂಡ ಸ್ಟಾನ್ಲಿ ತೀರಿಕೊಂಡಾಗ ಅವಳು ಪರದೆ ಎಳೆದುಕೊಂಡು ಮನೆಯೊಳಗೆ ಕೂತುಬಿಟ್ಟಿದ್ದಳು. ಹಾಡುವುದಿರಲಿ, ಮಾತೂ ಬಿಟ್ಟಿದ್ದಳು. ಶರತ್ಕಾಲದಲ್ಲಿ ಅವಳ ಕೋಟು ತಂದು ತೋಳಿಗೆ ಏರಿಸಿ, ಮೇಳದ ಅಭ್ಯಾಸಕ್ಕೆ ಎಳೆದುಕೊಂಡು ಹೋದವಳು ಹೆಟ್ಟಿಯೇ. ಅಷ್ಟರಲ್ಲಿ ಟೀವಿಯವರು ಬರುವ ಸುದ್ದಿ ಬಂತು. ಒಂದು ಗೀತೆಯ ಮೂರನೇ ಚರಣವನ್ನು ಒಬ್ಬರೇ ಹಾಡಬೇಕಿತ್ತು. ಆ ಚರಣ ಪ್ರತಿ ವರ್ಷದ ಉತ್ಸವದಲ್ಲೂ ಹೆಟ್ಟಿಯದು. ಮೇಳದ ಮೇಷ್ಟ್ರು ಈ ಸಲ ಅದನ್ನು ಐವಿಗೆ ಕೊಟ್ಟರು.

ಹೆಟ್ಟಿ ಯಾರ ಮುಂದೂ ಏನೂ ಅನ್ನಲಿಲ್ಲ. "ಒಳ್ಳೇದಾಯ್ತು" ಅಂದಳು. ಐವಿಯ ನೀಲಿ ಟೊಪ್ಪಿಗೆ ಪಿನ್ನು ಚುಚ್ಚಿಕೊಟ್ಟವಳೂ ಅವಳೇ. ಆದರೆ ಚಿತ್ರ ತೆಗೆಯುವ ದಿನ, ಮೂರನೇ ಚರಣಕ್ಕೆಂದು ಐವಿ ನಾಲ್ಕು ಹೆಜ್ಜೆ ಮುಂದೆ ಹೋಗಿ, ಮೇಳಕ್ಕೆ ಬೆನ್ನು ಹಾಕಿ ನಿಂತಾಗ, ಹೊಟ್ಟೆಯೊಳಗಿದ್ದದ್ದು ತುಟಿಗೆ ಬಂದುಬಿಟ್ಟಿತು. ಫ್ಲೋರಿಯ ಕಡೆ ತಿರುಗಿ ಅಂದಳು: "ದನಿ ನೋಡಿ ಕೊಟ್ಟಿದ್ದಲ್ಲ, ಗಂಡ ಹೋದ ಅಂತ ಪಾಪ ನೋಡಿ ಕೊಟ್ಟಿದ್ದು."

ದನಿಯಿಲ್ಲದ ಮಾತು ಮಾತೇ ಅಲ್ಲ ಅನ್ನುವುದು ಗಿರಣಿಯ ಹೆಂಗಸರ ನಂಬಿಕೆ. ಗಾಳಿಗೆ ಬೀಳದ್ದು ಲೆಕ್ಕಕ್ಕಿಲ್ಲ. ದೇವರಿಗೂ ಕೇಳಿಸದು ಎಂದು ಪ್ರಾರ್ಥನೆಯ ನಡುವೆಯೂ ಆಡುತ್ತಿದ್ದರು. ಮೈಕಿಗೂ ಸಿಕ್ಕಿರಲಿಲ್ಲ, ನಿಜ. ಆದರೆ ಕೆಂಪು ದೀಪ ಹತ್ತಿದ ಆ ದೊಡ್ಡ ಕ್ಯಾಮೆರಾ ಮೇಳದ ಮುಖಕ್ಕೆ ನೇರವಾಗಿ ನಿಂತಿತ್ತು. ಮಿಕ್ಕ ದೇಶಕ್ಕೆ ಯಾರೋ ಮುದುಕಿ ಬಾಯಾಡಿಸಿದ ಹಾಗೆ ಕಾಣಬಹುದು. ಬ್ರಿಗ್‌ಡೇಲಿಗೆ ಅದು ಡಂಗುರ. ಊರಲ್ಲೆಲ್ಲ ತುಟಿ ಓದುವುದರಲ್ಲಿ ಮೊದಲನೆಯವಳು ಐವಿ. ಆ ಐವಿ ಇವತ್ತು ಇದೇ ಮನೆಯಲ್ಲಿ, ಇದೇ ಪೆಟ್ಟಿಗೆಯ ಮುಂದೆ, ಹೆಟ್ಟಿಯ ಪಕ್ಕದಲ್ಲೇ ಕೂರುವವಳು. ಈಗಷ್ಟೇ ಹಾಡಿಗೆ ಮರಳಿದವಳು ಆ ಮಾತನ್ನು ಓದಿಕೊಂಡರೆ ಮತ್ತೆ ಪರದೆ ಎಳೆದುಕೊಳ್ಳುತ್ತಾಳೆ. ಆಮೇಲೆ ಎಳೆದು ತರಲು ಹೆಟ್ಟಿಗೆ ಮುಖವೆಲ್ಲಿರುತ್ತದೆ?

ವಿಷಯ ಕೇಳಿ ವಿಲ್ಫ್ ಬ್ರಶ್ಶು ಕೆಳಗಿಟ್ಟ. "ಇಷ್ಟೇನಾ? ಹಿಂದ್ಗಡೆ ಹಲಗೆ ಬಿಚ್ಚಿ ಒಳಗೊಂದು ತಂತಿ ಸಡಿಲ ಮಾಡ್ತೀನಿ. ಪೆಟ್ಟಿಗೆ ಕೆಡ್ತು ಅಂದ್ರಾಯ್ತು."

ವಿಲ್ಫ್ ಗಿರಣಿಯಲ್ಲಿ ಮಗ್ಗ ರಿಪೇರಿಯವನಾಗಿದ್ದ. ರಿಪೇರಿಯವರನ್ನು ಗೇಲಿ ಮಾಡುವುದು ನೇಕಾರ ಹೆಂಗಸರ ಹುಟ್ಟುಗುಣ. ಕಲ್ಲಿದ್ದಲು ಗಣಿಯವರ ಮುಷ್ಕರದಲ್ಲಿ ಕರೆಂಟು ಹೋದಾಗ ಒಬ್ಬ ರಿಪೇರಿಯವನು ಮೇಣದಬತ್ತಿ ಹಚ್ಚಿಕೊಂಡು, ಬಲ್ಬು ಹತ್ತಿದೆಯೋ ಇಲ್ಲವೋ ಎಂದು ನೋಡಲು ಹೋದನಂತೆ. ಅಂಥ ಕತೆಗಳು ಅವರ ಮೇಲೆ ಮೂಟೆಗಟ್ಟಲೆ ಇದ್ದವು.

"ನೀನು ಕೈ ಹಾಕಿದ ಮಗ್ಗ ಮತ್ತೆ ನಡೆದದ್ದುಂಟಾ?" ಅಂದಳು ಹೆಟ್ಟಿ. "ನಮ್ಮನೇದು ಸತ್ತರೆ ಐವಿ ಮನೇಲೇ ಒಂದಿದೆ. ಬಣ್ಣ ಇಲ್ಲದಿದ್ರೂ ತುಟಿ ಕಾಣ್ಸುತ್ತೆ."

"ಹಾಗಾದ್ರೆ ಮುಷ್ಕರದೋರಿಗೆ ಹೇಳಿಕಳ್ಸು, ಇನ್ನೊಂದಿನ ಕರೆಂಟು ತೆಗೀರಿ ಅಂತ."

ಹೋದ ತಿಂಗಳು ದಿನ ಬಿಟ್ಟು ದಿನ ಕತ್ತಲಾಗುತ್ತಿದ್ದಾಗ ಶಾಪ ಹಾಕಿದವಳೇ ಈಗ, ಒಂದೇ ಒಂದು ಗಂಟೆ ಹೋಗಬಾರದೇ ಎಂದುಕೊಂಡಳು. ಏಪ್ರನ್ನಿಗೆ ಕೈ ಒರೆಸಿ, ಹಿತ್ತಲ ಓಣಿ ದಾಟಿ ಫ್ಲೋರಿಯ ಮನೆಗೆ ಓಡಿದಳು.

ಫ್ಲೋರಿ ಅಡುಗೆಮನೆಯಲ್ಲಿ ಹಿಟ್ಟು ಕಲಸುತ್ತಿದ್ದಳು. ಹೆಟ್ಟಿಯ ಮುಖ ನೋಡಿದ್ದೇ ಕೈ ನಿಲ್ಲಿಸಿದಳು. "ಯಾರು ಹೋದ್ರು?"

"ನಾನೇ ಹೋಗ್ತೀನಿ ಈಗ. ಅವತ್ತು ನಿಂಗೆ ಐವಿ ಬಗ್ಗೆ ಅಂದೆನಲ್ಲ, ಮೂರನೇ ಚರಣಕ್ಕೆ ಮುಂಚೆ."

ಫ್ಲೋರಿ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. "ಅಯ್ಯೋ ತಾಯಿ. ಕ್ಯಾಮೆರಾ."

"ಹೂಂ."

"ನೀನು ಅಂದೆ ಸರಿ. ನಾನು ತಲೆ ಆಡಿಸಿದ್ನಲ್ಲೇ. 'ಹೌದೌದು' ಅಂತ. ನನ್ನನ್ಯಾಕೆ ಎಳೆದೆ ಮಾರಾಯ್ತಿ ಇದಕ್ಕೆ?"

"ನಿನ್ನ ತಲೆ ನಾನು ಹಿಡಿದು ಆಡಿಸಿದ್ನಾ?"

ಫ್ಲೋರಿ ಒಂದು ಉಪಾಯ ತೆಗೆದಳು. "ಆ ಹೊತ್ತಿಗೆ ಸರಿಯಾಗಿ ನೀನು ಚಹಾ ಕೆಟ್ಲು ಹಿಡಕೊಂಡು ಟೀವಿ ಮುಂದೆ ನಿಂತ್ಬಿಡು. ಯಾರಿಗೆ ಸಕ್ಕರೆ, ಯಾರಿಗೆ ಹಾಲು ಅಂತ ಕೇಳ್ತಾ ನಿಲ್ಲು. ನಿನ್ನ ಹಿಂಭಾಗ ಸಾಕು, ಇಡೀ ಮೇಳ ಮರೆಯಾಗುತ್ತೆ."

"ನಮ್ಮನೇಲಿ ಮರೆಯಾಯ್ತು. ಮಿಕ್ಕ ಮನೇಲಿ? ನಾಳೆ ಬೆಳಿಗ್ಗೆ ಕಟುಕನ ಅಂಗಡಿ ಸಾಲಲ್ಲಿ ಯಾರಾದ್ರೂ ಐವಿಗೆ ಹೇಳದೆ ಇರ್ತಾರಾ? 'ಬೇಜಾರ್ ಮಾಡ್ಕೋಬೇಡ ಐವಿ, ನಿನ್ನ ಗೆಳತಿ ಅಂದದ್ದಕ್ಕೆ' ಅಂತ ಸಮಾಧಾನ ಮಾಡೋ ನೆಪದಲ್ಲೇ ಹೇಳ್ತಾರೆ."

ಫ್ಲೋರಿ ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಹೇಳುವವರಲ್ಲಿ ಮೊದಲಿಗಳು ತಾನೇ ಆಗಿರುತ್ತಿದ್ದೆ ಎಂದು ಅವಳಿಗೂ ಗೊತ್ತಿತ್ತು.

ಮಧ್ಯಾಹ್ನದ ಊಟಕ್ಕೆ ಐವಿ ಬಂದಳು. ಸ್ಟಾನ್ಲಿ ಹೋದಂದಿನಿಂದ ಭಾನುವಾರದ ಊಟ ಅವಳಿಗೆ ಇಲ್ಲೇ. ನಿನ್ನೆ ಕೂದಲು ಸುರುಳಿ ಮಾಡಿಸಿಕೊಂಡಿದ್ದಳು. ಮಳೆಯಿಲ್ಲದಿದ್ದರೂ ಅದು ಕೆಡದಿರಲೆಂದು ತಲೆಗೆ ವಸ್ತ್ರ ಕಟ್ಟಿಕೊಂಡೇ ಬಂದಳು.

"ಟೀವೀಲಿ ಬರೋದು ಜನವರೀಲಿ ತೆಗ್ಸಿದ ತಲೆ," ಅಂದ ವಿಲ್ಫ್. "ಇವತ್ತು ಸುರುಳಿ ಯಾರಿಗೆ?"

"ನೋಡೋರಿಗೆ ಬೇಡ್ವಾ ಮರ್ಯಾದೆ?" ಅಂದಳು ಐವಿ. ಅವಳ ಮುಖದಲ್ಲಿ ಒಂದು ವರ್ಷದಿಂದ ಕಾಣದಿದ್ದ ಬಣ್ಣವಿತ್ತು. "ನಮ್ಮಕ್ಕ ಕೆನಡಾದಿಂದ ಬರೆದಿದಾಳೆ, ಅಲ್ಲಿಗೂ ಕಾಣುತ್ತಾ ಅಂತ. ಇಲ್ಲ ಕಣೇ, ಅಷ್ಟು ದೂರ ನನ್ನ ದನಿ ಹೋಗಲ್ಲ ಅಂತ ಬರೀಬೇಕು."

ಟೀವಿಯಲ್ಲಿ ರೈತರ ಕಾರ್ಯಕ್ರಮ ನಡೆಯುತ್ತಿತ್ತು. ಕೋಟು ತೊಟ್ಟವನೊಬ್ಬ ಕುರಿಯ ಬಾಯಿ ಬಿಡಿಸಿ ಹಲ್ಲು ತೋರಿಸುತ್ತಿದ್ದ. ಆಮೇಲೆ ಇನ್ನೊಬ್ಬ ಬಂದು ದೇಶದ ನಕ್ಷೆಗೆ ಮೋಡದ ಬಿಲ್ಲೆ ಅಂಟಿಸಿದ. ಲ್ಯಾಂಕಶೈರಿನ ಮೇಲಿಟ್ಟ ಬಿಲ್ಲೆ ಜಾರಿ ಸಮುದ್ರಕ್ಕೆ ಬಿತ್ತು. ಐವಿ ನಕ್ಕಳು. ಹೆಟ್ಟಿ ನಗಲಿಲ್ಲ. ಐವಿಯ ತಟ್ಟೆಗೆ ಕೇಳದೆಯೇ ಎರಡನೇ ತುಂಡು ಮಾಂಸ ಹಾಕಿದಳು, ಅದರ ಮೇಲೆ ಗಸಿ ಸುರಿದಳು, ಇನ್ನೊಂದು ಆಲೂಗಡ್ಡೆ ಇಟ್ಟಳು.

"ಸಾಕು ಕಣೇ. ಜಾತ್ರೆಗೆ ಬಿಡೋ ಹಂದಿಗೆ ತಿನ್ಸಿದ ಹಾಗೆ ತಿನ್ನಿಸ್ತಿದೀಯ. ಏನು ಮಾಡಿದೀಯ ನಂಗೆ?"

ಐವಿ ತಮಾಷೆಗೆ ಅಂದದ್ದು. ಹೆಟ್ಟಿಗೆ ಬಿಸಿ ತುಪ್ಪ ಬಾಯಲ್ಲಿದ್ದಂತಾಯಿತು, ಉಗುಳಲಾರಳು, ನುಂಗಲಾರಳು.

ಊಟವಾಯಿತು. ಟೀವಿಯಲ್ಲಿ ನಿನ್ನೆಯ ಚೆಂಡಾಟ ತೋರಿಸಿದರು, ವಿಲ್ಫ್ ಎರಡು ಗೋಲಿನವರೆಗೆ ಎಚ್ಚರವಿದ್ದು ಕುರ್ಚಿಯಲ್ಲೇ ಗೊರಕೆ ಹೊಡೆದ. ಆಮೇಲೆ ಹಳೆಯ ಯುದ್ಧದ ಸಿನಿಮಾ ಬಂತು. ಬೂದಿ ಬಣ್ಣದ ಸಮುದ್ರ, ಬೂದಿ ಬಣ್ಣದ ಹಡಗು. ಐವಿ ಉದ್ದ ಸೋಫಾದ ಒಂದು ತುದಿಯಲ್ಲಿ ಮೊಮ್ಮಗುವಿನ ಕಾಲುಚೀಲ ಹೆಣೆಯುತ್ತ ಕೂತಳು. ಇನ್ನೊಂದು ತುದಿಯಲ್ಲಿ ಹೆಟ್ಟಿ.

ಹಡಗಿನವರು ದುರ್ಬೀನು ಹಿಡಿದು ಏನನ್ನೋ ಹುಡುಕುತ್ತಿದ್ದರು. ಹೆಟ್ಟಿ ಅದನ್ನು ನೋಡಲಿಲ್ಲ. ತಾನು ಹೇಳದಿದ್ದರೆ ಏನಾಗುತ್ತದೆ ಎಂಬುದನ್ನು ಮತ್ತೆ ಮತ್ತೆ ನೋಡುತ್ತಿದ್ದಳು. ಮನೆ ತುಂಬ ಜನ. ತೆರೆಯ ತುಂಬ ತನ್ನ ಮುಖ. ಎಲ್ಲರೂ ಒಂದು ಗಳಿಗೆ ಉಸಿರು ಹಿಡಿಯುತ್ತಾರೆ, ಆಮೇಲೆ ಯಾರೂ ಐವಿಯ ಕಡೆ ತಿರುಗುವುದಿಲ್ಲ. ಆ ತಿರುಗದ ಕತ್ತುಗಳ ನಡುವೆ ಐವಿ ಒಬ್ಬಳೇ. ಆಡಿದ ಮಾತನ್ನಂತೂ ಹಿಂದಕ್ಕೆ ತರಲಾಗದು. ಅದು ಅವಳಿಗೆ ಯಾರಿಂದ ತಲುಪಬೇಕು ಎಂಬುದು ಮಾತ್ರ ಇನ್ನೂ ತನ್ನ ಕೈಯಲ್ಲಿತ್ತು.

"ಐವಿ," ಅಂದಳು. ಐವಿ ಸೂಜಿಯಿಂದ ಕಣ್ಣೆತ್ತಿದಳು.

ಹೆಟ್ಟಿ ಬಾಯಿ ತೆರೆದಳು, ದನಿ ಹೊರಡಲಿಲ್ಲ. ಕೊನೆಗೆ ತುಟಿಯಲ್ಲೇ ಹೇಳಿದಳು. ಅವತ್ತು ಚಿತ್ರ ತೆಗೆಯುವಾಗ ನೀನು ಬೆನ್ನು ಹಾಕಿ ನಿಂತಿದ್ದೆ, ನಾನು ಫ್ಲೋರಿಗೆ ಒಂದು ಮಾತಂದೆ, ಕ್ಯಾಮೆರಾ ನನ್ನ ಕಡೆಗಿತ್ತು ಎಂದಳು. ಆಮೇಲೆ ಆ ಮಾತನ್ನೇ, ಒಂದಕ್ಷರ ಮೆತ್ತಗೆ ಮಾಡದೆ, ಗಿರಣಿಯಲ್ಲಿ ಆಡುವಷ್ಟು ಅಗಲವಾಗಿ ಆಡಿದಳು. ದನಿ ನೋಡಿ ಕೊಟ್ಟಿದ್ದಲ್ಲ, ಗಂಡ ಹೋದ ಅಂತ ಪಾಪ ನೋಡಿ ಕೊಟ್ಟಿದ್ದು.

ವಿಲ್ಫ್ ಗೊರಕೆ ಹೊಡೆಯುತ್ತಿದ್ದ. ತೆರೆಯ ಮೇಲೆ ಏನೋ ಸಿಡಿದು ನೀರು ಎತ್ತರಕ್ಕೆ ಚಿಮ್ಮಿತು.

ಐವಿ ಹೆಣೆಯುತ್ತಿದ್ದ ಸಾಲನ್ನು ಮುಗಿಸಿದಳು. ಸೂಜಿಗಳನ್ನು ಉಂಡೆಗೆ ಚುಚ್ಚಿದಳು. "ಎಲ್ಲಾರೂ ಹಾಗೇ ಅಂದ್ಕೊಂಡಿದಾರಾ?" ಎಂದು ದನಿಯಲ್ಲೇ ಕೇಳಿದಳು.

"ಇಲ್ಲ. ಬೇರೆ ಯಾರೂ ಅಂದದ್ದು ನಾನು ಕಂಡಿಲ್ಲ. ನಾನೊಬ್ಳೇ. ಅದೂ ನಿಜ ಅಂತ ಅಂದಿದ್ದಲ್ಲ." ಹೆಟ್ಟಿಗೆ ಈಗ ದನಿ ಬಂದಿತ್ತು. "ಆ ಚರಣ ನಂದು ಅಂದ್ಕೊಂಡಿದ್ದೆ. ನೀನು ಹೋಗಿ ನಿಂತ್ಯಲ್ಲ, ನಿಂತ ಠೀವಿ ನೋಡಿ ಹೊಟ್ಟೆ ಉರೀತು. ಅಷ್ಟೇ ಕಣೇ."

ಐವಿ ಎದ್ದಳು. ತಲೆವಸ್ತ್ರ ಕಟ್ಟಿಕೊಂಡಳು. "ನಾನು ಮನೇಗೆ ಹೋಗ್ತೀನಿ," ಅಂದಳು. ಕೋಪವೂ ಇಲ್ಲ, ಏನೂ ಇಲ್ಲ. ಹಿತ್ತಲ ಬಾಗಿಲು ಹಾಕಿಕೊಂಡ ಸದ್ದು ಹೆಟ್ಟಿಗೆ ಕೇಳಿಸಲಿಲ್ಲ, ನೆಲದಲ್ಲಿ ತಿಳಿಯಿತು.

ಅಲ್ಲಿಂದಾಚೆಗಿನ ಹೊತ್ತು ಕುಂಟುತ್ತ ನಡೆಯಿತು. ಹಡಗು ಗೆದ್ದಿತು. ಮಕ್ಕಳ ಧಾರಾವಾಹಿಯಲ್ಲಿ ಉದ್ದ ಲಂಗದ ಹುಡುಗಿಯೊಬ್ಬಳು ದೊಡ್ಡ ಮನೆಯ ಮೆಟ್ಟಿಲ ಮೇಲೆ ಅತ್ತಳು. ಹೆಟ್ಟಿ ಹ್ಯಾಮಿನ ಹೋಳುಗಳನ್ನು ಜೋಡಿಸಿದಳು, ಡಬ್ಬಿಯ ಪೀಚ್ ಹಣ್ಣನ್ನು ಗಾಜಿನ ಬಟ್ಟಲಿಗೆ ಸುರಿದಳು, ಎದುರು ಮನೆಯಿಂದ ಕುರ್ಚಿ ತಂದಳು. ನಡುವೆ ಹಿತ್ತಲಿಗೆ ಹೋಗಿ ಐವಿಯ ಕಿಟಕಿ ನೋಡಿದಳು. ಪರದೆ ಎಳೆದಿತ್ತು. ಇಷ್ಟು ಹಗಲಿರುವಾಗಲೇ.

"ಹೋಗಿ ಕರೀಲಾ?" ಎಂದ ವಿಲ್ಫ್. ಎದ್ದ ಮೇಲೆ ವಿಷಯ ತಿಳಿದಿತ್ತು ಅವನಿಗೆ.

"ಬೇಡ. ಕರೆದ್ರೆ ಬರಲೇಬೇಕಾಗುತ್ತೆ ಅವಳಿಗೆ."

ಸುದ್ದಿ ಮುಗಿಯುವ ಹೊತ್ತಿಗೆ ಮನೆ ತುಂಬಿತು. ಫ್ಲೋರಿ ಬಂದಳು, ಬೀದಿಯ ಮತ್ತಿಬ್ಬರು ಹಳೇ ನೇಕಾರರು ಬಂದರು, ಅವರ ಗಂಡಂದಿರು ಗೋಡೆಗೊರಗಿ ನಿಂತರು. ಐವಿ ಎಲ್ಲಿ ಎಂದು ಎಲ್ಲರೂ ಕೇಳಿದರು. "ಬರ್ತಾಳೆ," ಎಂದಳು ಹೆಟ್ಟಿ, ಪ್ರತಿ ಸಲವೂ ಸ್ವಲ್ಪ ಕಡಿಮೆ ನಂಬಿಕೆಯಿಂದ. ಟೀವಿಯ ಮುಂದಿನ ಒಳ್ಳೇ ಕುರ್ಚಿಯನ್ನು ಖಾಲಿ ಬಿಟ್ಟು, ಅದರ ಮೇಲೆ ಯಾರೂ ಕೂರದಂತೆ ಮೆತ್ತೆ ಇಟ್ಟಿದ್ದಳು.

ತೆರೆಯ ಮೇಲೆ ನಮ್ಮ ಬೆಟ್ಟ ಬಂತು. ಆಮೇಲೆ ನಿಂತ ಗಿರಣಿಯ ಹೊಗೆಯಿಲ್ಲದ ಕೊಳವೆ, ಆಮೇಲೆ ಚಾಪೆಲ್ಲಿನ ಬಾಗಿಲು. ಕೋಣೆಯಲ್ಲಿ ಎಲ್ಲರೂ ಒಮ್ಮೆಗೇ ಮಾತಾಡಿದರು. ವಿಲ್ಫ್ ಎದ್ದು ದನಿಯ ಗುಂಡಿ ತಿರುಗಿಸಿದ.

ಮೊದಲ ಗೀತೆಯ ಎರಡನೇ ಚರಣಕ್ಕೆ ಹಿತ್ತಲ ಬಾಗಿಲು ತೆರೆಯಿತು. ಐವಿ ಬಂದಳು, ತಲೆಯ ಮೇಲೆ ಆ ನೀಲಿ ಟೊಪ್ಪಿ.

"ನಮ್ಮನೇ ಟೀವೀಲಿ ಈ ಟೊಪ್ಪಿ ಬೂದಿ ಬಣ್ಣ ಕಾಣ್ಸುತ್ತೆ," ಅಂದಳು, ಯಾರಿಗೂ ಅಲ್ಲದೆ. "ಅಷ್ಟು ಹುಡುಕಿ ತಗೊಂಡಿದ್ದು. ನೀಲೀಲೇ ನೋಡಬೇಕು ನಂಗೆ." ಮೆತ್ತೆ ತೆಗೆದು ಕುರ್ಚಿಯಲ್ಲಿ ಕೂತಳು. ಹೆಟ್ಟಿಯ ಕಡೆ ನೋಡಲಿಲ್ಲ.

ಗೀತೆಗಳು ಒಂದೊಂದೇ ಬಂದವು. "ಅಲ್ನೋಡೇ ನಿನ್ನ ಗಂಡ, ಬಾಯಿ ತೆಗೆದು ಕಪ್ಪೆ ಹಾಗೆ." "ಇವನು ಹಾಡ್ತಿಲ್ಲ, ಪೆಪ್ಪರ್‌ಮಿಂಟು ಚೀಪ್ತಿದಾನೆ." ಮಾತು ನಡೆಯುತ್ತಿದ್ದಂತೆಯೇ ಆ ಗೀತೆ ಶುರುವಾಯಿತು. ಒಂದು ಚರಣ. ಎರಡು ಚರಣ. ತೆರೆಯ ಮೇಲೆ ಐವಿ ಎದ್ದು ಮುಂದೆ ಬಂದಳು. ಕ್ಯಾಮೆರಾ ಅವಳನ್ನು ಬಿಟ್ಟು ಮೇಳದ ಕಡೆ ಹೊರಳಿ, ಸಾಲಿನ ಆ ತುದಿಯಿಂದ ಒಂದೊಂದೇ ಮುಖ ದಾಟುತ್ತ ಬಂತು. ಹೆಟ್ಟಿಯ ಕೈಯಲ್ಲಿ ಚಹಾದ ಕೆಟ್ಲು ಇತ್ತು. ಅವಳು ಎದ್ದು ನಿಲ್ಲಲಿಲ್ಲ. ಫ್ಲೋರಿ ಕಣ್ಣು ಮುಚ್ಚಿಕೊಂಡಳು.

ಮುಖ ಬಂತು, ಹೆಟ್ಟಿಯದೇ. ತಲೆ ಫ್ಲೋರಿಯ ಕಡೆ ತಿರುಗಿತು. ತುಟಿ ಅಗಲವಾಗುವುದಕ್ಕೂ, ಮೇಳದ ಮೇಷ್ಟ್ರು ಆರ್ಗನ್ನಿನವನಿಗೆ ಸನ್ನೆ ಮಾಡಲು ತೋಳೆತ್ತುವುದಕ್ಕೂ ಸರಿಹೋಯಿತು. ಅವರ ಕಪ್ಪು ಕೋಟಿನ ತೋಳು ಕ್ಯಾಮೆರಾಕ್ಕೂ ಹೆಟ್ಟಿಯ ಮೂಗಿನ ಕೆಳಗಿನ ಭಾಗಕ್ಕೂ ನಡುವೆ ಗೋಡೆಯಂತೆ ಎದ್ದು ನಿಂತಿತು. ತೋಳಿನ ಮೇಲೆ ಹೆಟ್ಟಿಯ ಎರಡು ಕಣ್ಣು ಮಾತ್ರ. ಪಕ್ಕದಲ್ಲಿ ಫ್ಲೋರಿ, ಬೋಧನೆ ಕೇಳಿದವಳಂತೆ ಗಂಭೀರವಾಗಿ ತಲೆ ಆಡಿಸುತ್ತಿದ್ದಳು. ತೋಳು ಇಳಿದಾಗ ಹೆಟ್ಟಿಯ ಬಾಯಿ ಮುಚ್ಚಿತ್ತು.

"ಫ್ಲೋರಿ ಎಷ್ಟು ಭಕ್ತಿವಂತಳು ನೋಡ್ರಿ," ಅಂದಿತು ಗೋಡೆಯ ಹತ್ತಿರದ ಒಂದು ದನಿ. ಎಲ್ಲರೂ ನಕ್ಕರು. ಹೆಟ್ಟಿ ಕೆಟ್ಲನ್ನು ನೆಲದ ಮೇಲಿಟ್ಟಳು. ಊರು ಏನನ್ನೂ ಕಂಡಿರಲಿಲ್ಲ. ನಾಳೆ ಕಟುಕನ ಅಂಗಡಿಯಲ್ಲಿ ಹೇಳುವುದಕ್ಕೆ ಯಾರ ಬಳಿಯೂ ಏನೂ ಇರಲಿಲ್ಲ. ಮಧ್ಯಾಹ್ನ ಬಾಯಿ ಮುಚ್ಚಿಕೊಂಡಿದ್ದರೆ ಐವಿಗೂ ಎಂದೆಂದಿಗೂ ತಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಐವಿ ಹಾಡಿದಳು. ದೊಡ್ಡ ದನಿಯಲ್ಲ. ಆದರೆ ಮನೆಯೊಳಗೆ ಮಾತು ನಿಂತಿತು. ಹೆಟ್ಟಿಗೆ ತಗ್ಗಿನ ಸ್ವರಗಳು ಕೇಳಿಸಿದವು, ಮೇಲಿನವು ಎಂದಿನಂತೆ ಎಲ್ಲೋ ಹಾರಿಹೋದವು. ನೀಲಿ ಟೊಪ್ಪಿ ನೀಲಿಯಾಗಿಯೇ ಕಂಡಿತು. ಗೋಡೆಗೊರಗಿದ್ದ ಗಂಡಸೊಬ್ಬ ಮೂಗು ಒರೆಸಿಕೊಂಡು, ನೆಗಡಿ ಎಂದ.

ಚರಣ ಮುಗಿದಾಗ ಕುರ್ಚಿಯಲ್ಲಿದ್ದ ಐವಿ ಮೊದಲ ಸಲ ಹೆಟ್ಟಿಯ ಕಡೆ ತಿರುಗಿದಳು. ಮಿಕ್ಕವರ ಕಣ್ಣು ತೆರೆಯ ಮೇಲಿರುವಾಗ, ಜನರ ತಲೆಗಳ ಮೇಲಿಂದ ತುಟಿಯಲ್ಲಿ ಕೇಳಿದಳು: "ಬೇಕಿತ್ತಾ ನಿಂಗೆ? ಹೇಳ್ದೆ ಇದ್ದಿದ್ರೂ ಆಗ್ತಿತ್ತು."

"ಹೂಂ," ಅಂದವು ಹೆಟ್ಟಿಯ ತುಟಿಗಳು. "ಆಗ್ತಿತ್ತು."

ಎಲ್ಲರೂ ಹ್ಯಾಮು, ಪೀಚು ಮುಗಿಸಿ ಹೊಗಳಿಕೆ ಹೇಳಿ ಹೋದರು. ಫ್ಲೋರಿ ಹೋಗುವಾಗ ಹೆಟ್ಟಿಯ ತೋಳು ಚಿವುಟಿ, ಮೇಷ್ಟ್ರಿಗೊಂದು ಕೇಕು ಮಾಡಿ ಕಳಿಸೋಣ, ಯಾಕೆ ಅಂತ ಮಾತ್ರ ಹೇಳೋದು ಬೇಡ ಎಂದಳು. ವಿಲ್ಫ್ ಕ್ಲಬ್ಬಿಗೆ ಹೋದ. ಐವಿ ಉಳಿದಳು. ಹಿತ್ತಲ ಅಡುಗೆಮನೆಯಲ್ಲಿ ಹೆಟ್ಟಿ ತೊಳೆಯುತ್ತಿದ್ದಳು, ಐವಿ ಟೊಪ್ಪಿ ಮೊಳೆಗೆ ನೇತುಹಾಕಿ ಒರೆಸುತ್ತಿದ್ದಳು.

"ಮನೇಗೆ ಹೋಗಿ ಪರದೆ ಹಾಕ್ಕೊಂಡು ಕೂತೆ," ಅಂದಳು ಐವಿ. "ಅಳಬೇಕು ಅಂತಲೇ ಹೋಗಿದ್ದು. ಅಳು ಬರ್ಲಿಲ್ಲ."

ಹೆಟ್ಟಿ ತಟ್ಟೆ ಉಜ್ಜುತ್ತಲೇ ಅವಳ ತುಟಿ ನೋಡಿದಳು.

"ನಂಗೂ ಅದೇ ಸಂಶಯ ಇತ್ತು ಕಣೇ, ಪಾಪ ಅಂತ ಕೊಟ್ರಾ ಅಂತ. ಅಭ್ಯಾಸಕ್ಕೆ ಹೋದಾಗೆಲ್ಲ ಇತ್ತು. ಸ್ಟಾನ್ಲಿ ಹೋದ ಮೇಲೆ ಎಲ್ಲಾರೂ ನನ್ನ ಹತ್ರ ಮೆಲ್ಲಗೆ ಮಾತಾಡ್ತಾರೆ, ಗ್ಲಾಸು ಹಿಡಿದ ಹಾಗೆ. ನಾನು ಅವರ ಕಾಲು ತುಳಿದ್ರೂ ಅವರೇ ಸಾರಿ ಅಂತಾರೆ. ಆಮೇಲೆ ಯೋಚನೆ ಮಾಡ್ದೆ. ಪಾಪದೋಳನ್ನ ಕಂಡು ಯಾರಾದ್ರೂ ಹೊಟ್ಟೆ ಉರ್ಕೋತಾರಾ? ಹೆಟ್ಟಿ ಉರ್ಕೊಂಡಿದಾಳೆ ಅಂದ್ರೆ ನನ್ನ ದನೀಲಿ ಏನೋ ಇರ್ಬೇಕು ಅನ್ಸಿತು. ಅಷ್ಟು ಹೊತ್ತಿಗೆ ಟೀವಿ ಶುರುವಾಗ್ಬಿಟ್ಟಿತ್ತು, ಟೊಪ್ಪಿಗೆ ಪಿನ್ನೇ ಸಿಗ್ಲಿಲ್ಲ."

ಹೆಟ್ಟಿ ನೀರಿನಿಂದ ಕೈ ತೆಗೆದಳು. ಬೆಳಗಿನಿಂದ ಹೆಗಲ ಮೇಲೆ ಕೂತಿದ್ದ ಮೂಟೆಯನ್ನು ಯಾರೋ ಕೆಳಗಿಳಿಸಿದಂತಾಗಿ, ಕಲ್ಲಿನ ತೊಟ್ಟಿಯ ಅಂಚು ಹಿಡಿದು ಸುಮ್ಮನೆ ನಿಂತಳು. ಕಣ್ಣು ಒದ್ದೆಯಾಗಿತ್ತು, ಸೋಪಿನ ಹಬೆ ಎನ್ನಬಹುದಿತ್ತು.

"ಬೇಜಾರಾಗಿಲ್ಲ ಅಂತ ಅನ್ಕೋಬೇಡ ಮತ್ತೆ," ಅಂದಳು ಐವಿ. "ಆಗಿದೆ. ಒಂದು ವಾರ ಇರುತ್ತೆ. ನೀನೇ ನಂಗೆ ಚಹಾ ತಂದ್ಕೊಡಬೇಕು."

"ತರ್ತೀನಿ."

"ಹಾಸಿಗೆ ಹತ್ರಕ್ಕೆ."

"ತರ್ತೀನಿ ಅಂದ್ನಲ್ಲೇ."

ಐವಿ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ, ಸಣ್ಣ ದನಿಯಲ್ಲಿ: "ಆ ಕೊನೇ ಎತ್ತರದ ಸ್ವರ. ಸ್ವಲ್ಪ ಕೆಳಗೆ ಬಿತ್ತಾ?"

"ನಂಗೆ ಮೇಲಿಂದು ಕೇಳಲ್ಲ, ನಿಂಗೊತ್ತು."

"ಆದ್ರೂ."

"ನಿನ್ನ ಕತ್ತು ನೋಡ್ತಿದ್ದೆ," ಅಂದಳು ಹೆಟ್ಟಿ. "ಅಲ್ಲಿ ಕತ್ತಿನ ನರ ಬಿಗಿಯಾಯ್ತು. ಬಿದ್ದಿರ್ಬೇಕು. ಸ್ವಲ್ಪ."

"ಹೂಂ," ಅಂದಳು ಐವಿ. "ನಂಗೂ ಹಾಗೇ ಅನ್ಸಿತ್ತು." ಮತ್ತೊಂದು ತಟ್ಟೆಗೆ ಕೈ ಚಾಚಿದಳು.